ಹಿಮದ ಬಾಬತ್ತಿನಲ್ಲಿ ಮುನ್ನೂರ ಹನ್ನೆರಡು ಯೆನ್

ತೊಗಾಮಿ ಪುರಸಭೆಯ ಹಣಕಾಸು ವಿಭಾಗದ ಮುಖ್ಯಸ್ಥ ಒರಿಕಸ ಶಿಗೆಮಿ ಬರೆಯುತ್ತಿದ್ದಷ್ಟು ದುಂಡನೆಯ ಸೊನ್ನೆ ಇಡೀ ಜಪಾನಿನಲ್ಲಿ ಎಲ್ಲೂ ಇರಲಿಲ್ಲ. ಹುಣ್ಣಿಮೆಯ ಚಂದ್ರ ಅವನ ಲೆಕ್ಕದ ಪುಸ್ತಕ ನೋಡಿಯೇ ದುಂಡಗಾಗುವುದನ್ನು ಕಲಿತನೆಂದು ನಮ್ಮ ಕಡೆ ಮಾತಿದೆ. ಮಾರ್ಚ್ ಮೂವತ್ತೊಂದಕ್ಕೆ ವರ್ಷದ ಲೆಕ್ಕ ಮುಗಿಯುವ ಹೊತ್ತಿಗೆ ಪುರಸಭೆಯ ನೂರ ಅರವತ್ತು ಬಾಬತ್ತುಗಳಲ್ಲಿ ಯಾವುದರಲ್ಲೂ ದುಡ್ಡು ಉಳಿಯಬಾರದು, ಯಾವುದಕ್ಕೂ ಕೊರತೆ ಬೀಳಬಾರದು. ಎಲ್ಲದರ ಕೊನೆಗೂ ಸೊನ್ನೆ. ಇದು ಅವನ ಮೂವತ್ತಾರು ವರ್ಷದ ವ್ರತ. ಆ ಸೊನ್ನೆಗಳನ್ನು ನೋಡಲು ಆಚೀಚೆಯ ಏಳು ಪಟ್ಟಣಗಳ ಗುಮಾಸ್ತರು ಬಸ್ಸು ಮಾಡಿಕೊಂಡು ಬರುತ್ತಿದ್ದರು; ನೋಡಿ, ಹೊಟ್ಟೆಕಿಚ್ಚಿಗೆ ಊಟ ಸೇರದೆ ಹಿಂದಿರುಗುತ್ತಿದ್ದರು. ಬಂದವರಿಗೆ ಅವನು ಎಲ್ಲ ಪುಟ ತೋರಿಸುತ್ತಿದ್ದ, ಒಂದನ್ನು ಬಿಟ್ಟು. ಆ ಪುಟ ಬಂದಾಗ ಬೆರಳಿಗೆ ಎಂಜಲು ಹಚ್ಚಿ ಎರಡು ಹಾಳೆ ಒಟ್ಟಿಗೇ ಮಗುಚುತ್ತಿದ್ದ.

ದುಡ್ಡು ಯಾಕೆ ಉಳಿಯಬಾರದು ಎಂದು ಹೊಸಬರು ಕೇಳಿದರೆ ಅವನದು ಒಂದೇ ಉತ್ತರ: "ಉಳಿಸಿದ್ರೆ ಮುಂದಿನ ವರ್ಷ ಕತ್ತರಿಸ್ತಾರೆ."

ಹಾಗಾಗಿ ಕೊಬ್ಬಿದ ಬಾಬತ್ತಿನಿಂದ ಬಡಕಲು ಬಾಬತ್ತಿಗೆ ದುಡ್ಡು ದಾಟಿಸುವುದೇ ಅವನ ಫೆಬ್ರವರಿ, ಮಾರ್ಚ್ ತಿಂಗಳ ಉದ್ಯೋಗ. ಕಾಗದದ ಬಾಬತ್ತಿನಿಂದ ಅಂಚೆಗೆ, ಅಂಚೆಯಿಂದ ಸೀಮೆಎಣ್ಣೆ ಒಲೆಗೆ. ಆದರೆ ಮನಸ್ಸಿಗೆ ಬಂದ ಹಾಗಲ್ಲ. ಒಂದೇ ಅಧ್ಯಾಯದ ಬಾಬತ್ತುಗಳಾದರೆ ಉಪಮೇಯರ್ ಮುದ್ರೆ ಸಾಕು. ಅಧ್ಯಾಯ ದಾಟಿಸಬೇಕಾದರೆ ಸಭೆ ಕೂಡಬೇಕು. ಸಂಬಳದ ಅಧ್ಯಾಯವಂತೂ ಬೀಗ ಹಾಕಿದ ಕೋಣೆ, ಅಲ್ಲಿಂದ ಒಂದು ಯೆನ್ ಹೊರಗೆ ಕದಲುವಂತಿಲ್ಲ. ಜೊತೆಗೆ ಹನ್ನೊಂದನೆಯ ನಿಯಮ ಒಂದಿತ್ತು: ಇನ್ನೊಂದರಿಂದ ಪಡೆದು ತುಂಬಿಸಿಕೊಂಡ ಬಾಬತ್ತು ತಿರುಗಿ ಯಾರಿಗೂ ಕೊಡತಕ್ಕದ್ದಲ್ಲ. ಅದನ್ನು ಇಪ್ಪತ್ತು ವರ್ಷದ ಹಿಂದೆ ಸ್ವತಃ ಒರಿಕಸನೇ ಬರೆದದ್ದು. ಎಷ್ಟು ಬಿಗಿಯಾಗಿ ಬರೆದಿದ್ದನೆಂದರೆ ಅದರೊಳಗೆ ಇರುವೆ ನುಗ್ಗಲೂ ಸಂದಿರಲಿಲ್ಲ.

ಈ ಮಾರ್ಚ್ ಮೂವತ್ತೊಂದಕ್ಕೆ ಅವನಿಗೆ ನಿವೃತ್ತಿ. ಕಡೆಯ ಸೊನ್ನೆ ಎಲ್ಲಕ್ಕಿಂತ ದುಂಡಗಿರಬೇಕೆಂದು ಅವನ ಆಸೆ. ವಿಘ್ನವೆಂದರೆ ಈ ವರ್ಷ ಹಿಮ ಬೀಳಲಿಲ್ಲ. ಮನೆಯ ಎರಡನೇ ಮಹಡಿಯ ಕಿಟಕಿಯಿಂದ ಇಳಿದು ಶಾಲೆಗೆ ಹೋದವರ ಊರು ನಮ್ಮದು. ಆ ಊರಲ್ಲಿ ಜನವರಿಯಲ್ಲಿ ಅಜ್ಜಿಯರು ಅಂಗಳದಲ್ಲಿ ಬೀಸಣಿಗೆ ಹಿಡಿದು ಕೂತರು. ಹಿಮ ತಳ್ಳುವ ಯಂತ್ರಗಳ ಒಳಗೆ ಜೇಡಗಳು ಮೂರು ತಲೆಮಾರು ಸಂಸಾರ ಮಾಡಿದವು. ಮಾರ್ಚ್ ಐದಕ್ಕೆ ಲೆಕ್ಕ ತೆಗೆದರೆ ಹಿಮ ತೆಗೆಯುವ ಬಾಬತ್ತಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಯೆನ್ ಹಾಗೇ ಬಿದ್ದಿತ್ತು.

ಆ ವಾಸನೆ ಮೊದಲು ಹತ್ತಿದ್ದು ರಸ್ತೆ ವಿಭಾಗದ ಮುಖ್ಯಸ್ಥ ನೆಜುವಿಗೆ. ಪ್ರತಿ ವರ್ಷ ಯಂತ್ರದ ಹಲಗೆ ಉಜ್ಜಿ ಉಜ್ಜಿ ರಸ್ತೆಯಂಚಿನ ಬಿಳಿ ಗೆರೆಗಳೆಲ್ಲ ಅಳಿಸಿಹೋಗಿವೆ, ಈ ದುಡ್ಡಿನಲ್ಲಿ ಬಣ್ಣ ಬಳಿಸೋಣ ಎಂದ. ಎರಡೂ ರಸ್ತೆಯ ಅಧ್ಯಾಯದವೇ, ಸಭೆಯ ಗೊಡವೆಯಿಲ್ಲ. ಒರಿಕಸ ಕಾಗದ ಬರೆದ. ಕೆಳಗಿನಿಂದ ಮೇಲಕ್ಕೆ ಏಳು ಜನರ ಮುದ್ರೆ ಬಿತ್ತು. ಒಂದೊಂದೂ ತನ್ನ ಮೇಲಧಿಕಾರಿಯ ಮುದ್ರೆಯ ಕಡೆಗೆ ಪದ್ಧತಿಯಂತೆ ತಲೆಬಾಗಿ ಓರೆಯಾಗಿತ್ತು. ಒರಿಕಸನ ಮುದ್ರೆ ಎಷ್ಟು ಬಾಗಿತ್ತೆಂದರೆ ನೋಡಿದವರಿಗೆ ಸೊಂಟ ಹಿಡಿಯುತ್ತಿತ್ತು. ಹತ್ತು ದಿನದಲ್ಲಿ ಊರಿನ ರಸ್ತೆಗಳಿಗೆಲ್ಲ ಬಣ್ಣವಾಯಿತು. ಇನ್ನೂ ದುಡ್ಡು ಉಳಿಯಿತೆಂದು ಬೆಟ್ಟದ ಮೇಲಿನ ಕಮಿಸಾವಾ ಹಳ್ಳಿಗೆ ಹೋಗುವ ಎರಡು ಕಿಲೋಮೀಟರ್ ಕೊರಕಲು ದಾರಿಗೂ ಬಳಿಸಿದರು. ಆ ಗೆರೆಯ ಹೊಳಪಿಗೆ ಹದ್ದುಗಳು ಕಣ್ಣು ಮುಚ್ಚಿ ಹಾರುತ್ತಿದ್ದವು.

ಕಮಿಸಾವಾದಲ್ಲಿದ್ದದ್ದು ಒರಿಕಸನ ಅಕ್ಕ ತೊಮೆ. ಅಪ್ಪ ಅಮ್ಮ ಬೇಗ ತೀರಿಕೊಂಡ ಮೇಲೆ ಸಾಕೆ ಎಂಬ ಅಕ್ಕಿ ಹೆಂಡದ ಭಟ್ಟಿಯಲ್ಲಿ ಪೀಪಾಯಿ ತೊಳೆದು ತಮ್ಮನನ್ನು ಓದಿಸಿದವಳು. ಈಗ ಎಪ್ಪತ್ತೊಂದು, ನಾಲಗೆಗೆ ಮಾತ್ರ ಇಪ್ಪತ್ತೊಂದು. ಬಣ್ಣ ಬಳಿದ ಸಂಜೆಯೇ ಅವಳ ಫೋನು ಬಂತು.

"ಶಿಗೆಮಿ, ನಮ್ಮೂರಲ್ಲಿ ಇರೋದು ಎಂಟು ಮನೆ, ಐದು ಕಾರು. ಅದ್ರಲ್ಲಿ ಮೂರು ಓಡಲ್ಲ. ಈ ರಸ್ತೆಗೆ ಯಾವ ಮದ್ವೆ ಅಂತ ಇಷ್ಟು ಸಿಂಗಾರ?"

"ಬಾಬತ್ತಲ್ಲಿ ದುಡ್ಡು ಉಳಿದಿತ್ತಕ್ಕ."

"ಉಳಿದ್ರೆ ಇಟ್ಕೋಬೇಕು ಕಣೋ. ಅಮ್ಮ ಅಕ್ಕಿ ಡಬ್ಬದ ತಳದಲ್ಲಿ ಯಾವಾಗ್ಲೂ ಒಂದು ಹಿಡಿ ಬಿಡ್ತಿದ್ಲು, ಮರ್ತ್ಯಾ?"

ಪುರಸಭೆ ಅಕ್ಕಿ ಡಬ್ಬವಲ್ಲ ಎಂದು ಹೇಳಿ ಅವನು ಫೋನಿಟ್ಟ. ಹಿಮದ ಬಾಬತ್ತಿನಲ್ಲಿ ಆಗ ಉಳಿದಿದ್ದದ್ದು ಮುನ್ನೂರ ಹನ್ನೆರಡು ಯೆನ್. ಮೂವತ್ತೊಂದರ ಬೆಳಿಗ್ಗೆ ಒಂದು ಜೊತೆ ಹತ್ತಿಯ ಕೈಗವಸು ತರಿಸಿ ಅದನ್ನೂ ಸೊನ್ನೆ ಮಾಡುವುದೆಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡ.

ಮಾರ್ಚ್ ಇಪ್ಪತ್ತೇಳು, ಗುರುವಾರ ಮಧ್ಯಾಹ್ನ, ಪ್ಲಮ್ ಹೂವಿನ ಮೇಲೆ ಮೊದಲ ಹಿಮ ಕೂತಿತು. ಎಲ್ಲರೂ ಕಿಟಕಿಗೆ ಬಂದು, ಪಾಪ, ದಾರಿ ತಪ್ಪಿ ಬಂದಿದೆ ಎಂದು ನಕ್ಕರು. ಶುಕ್ರವಾರ ಬೆಳಿಗ್ಗೆ ನಗುವುದಕ್ಕೆ ಬಾಯಿ ಇರಲಿಲ್ಲ. ಹವಾಮಾನದ ಕಾಗದ ಒಂದು ಮೀಟರ್ ಹತ್ತು ಸೆಂಟಿಮೀಟರ್ ಅನ್ನುತ್ತದೆ. ಕಾಗದಕ್ಕೇನು ಗೊತ್ತು? ಪುರಸಭೆಯ ಮುಂದಿನ ಧ್ವಜಸ್ತಂಭದ ತುದಿಯನ್ನು ಕಾಗೆಯೊಂದು ನಡೆದುಕೊಂಡು ಬಂದು ಕುಕ್ಕಿತು. ಅಂಚೆಯವನು ಪೆಟ್ಟಿಗೆ ಹುಡುಕಲು ಹೋಗಿ ಮಾಡಿನ ಹೆಂಚಿಗೆ ಕಾಗದ ಸಿಕ್ಕಿಸಿ ಬಂದ. ಬೀಳುವುದು ಇನ್ನೂ ನಿಂತಿರಲಿಲ್ಲ.

ಹುಬ್ಬಿನ ಮೇಲೆ ಹಿಮ ಹೊತ್ತುಕೊಂಡೇ ನೆಜು ಹಣಕಾಸು ವಿಭಾಗಕ್ಕೆ ಬಂದ. ಹೆದ್ದಾರಿಯನ್ನು ಪ್ರಾಂತ್ಯದವರು ನೋಡಿಕೊಳ್ಳುತ್ತಾರೆ, ಪೇಟೆಯ ಬೀದಿಗಳನ್ನು ಅಂಗಡಿಯವರೇ ತೋಡಿಕೊಳ್ಳುತ್ತಿದ್ದಾರೆ, ಉಳಿದದ್ದು ಕಮಿಸಾವಾ ದಾರಿ ಎಂದ. ಯಂತ್ರ ಕಳಿಸಲು ಆದೇಶದ ಕಾಗದ ಬೇಕಿತ್ತು.

"ಬಾಬತ್ತಲ್ಲಿ ಎಷ್ಟಿದೆ?"

"ಮುನ್ನೂರ ಹನ್ನೆರಡು," ಎಂದ ಒರಿಕಸ.

"ಸಾವಿರಾನಾ?"

"ಯೆನ್."

ನೆಜುವಿನ ಹುಬ್ಬಿನ ಹಿಮ ಕರಗಿ ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಅವನು ಒರೆಸಿಕೊಳ್ಳಲಿಲ್ಲ. ಇಬ್ಬರೂ ಆ ಅಂಕೆಯನ್ನೇ, ಸತ್ತ ಇಲಿಯನ್ನು ನೋಡುವವರ ಹಾಗೆ ನೋಡುತ್ತ ನಿಂತರು. ಮುನ್ನೂರ ಹನ್ನೆರಡು ಯೆನ್‌ಗೆ ಯಂತ್ರದ ಚಾಲಕ ಯಾಗಿಹಾಶಿ ಗೇರು ಕೂಡ ಬದಲಾಯಿಸುವುದಿಲ್ಲ.

ಹಾಗೆ ಹೇಳುವುದು ಯಾಗಿಹಾಶಿಗೆ ಅನ್ಯಾಯ. ಅವನು ಕೆಳಗೆ ಬಾಗಿಲಲ್ಲಿ ನಿಂತು, ದುಡ್ಡು ಬೇಡ, ಬಿಟ್ಟಿ ಹೋಗುತ್ತೇನೆ ಎಂದು ಕೂಗುತ್ತಿದ್ದ. ಆದರೆ ಆದೇಶವಿಲ್ಲದೆ ಹೊರಟರೆ ವಿಮೆ ಇಲ್ಲ. ಎರಡು ವರ್ಷದ ಹಿಂದೆ ಕಮಿಸಾವಾ ದಾರಿಯ ನಡುವಿನ ತಿರುವಿನಲ್ಲಿ, ಗೆರೆ ಕಾಣದೆ, ಅವನ ಅಣ್ಣನ ಯಂತ್ರ ಕೊರಕಲಿಗೆ ಉರುಳಿತ್ತು. ಅಣ್ಣ ಬದುಕಿದ, ಕಾಲು ಬದುಕಲಿಲ್ಲ. ಬಿಟ್ಟಿ ಕಳಿಸಲು ಒರಿಕಸ ಒಪ್ಪಲಿಲ್ಲ.

ಅಷ್ಟರಲ್ಲಿ ಅವನ ಮೇಜಿನ ಫೋನು ಹೊಡೆದುಕೊಂಡಿತು.

"ಬಾಗಿಲು ತೆಗ್ದೆ, ಹೊರಗೆ ಇನ್ನೊಂದು ಬಾಗಿಲಿತ್ತು. ಬಿಳೀದು," ಎಂದಳು ಅಕ್ಕ.

ಒರಿಕಸ ಗೋಡೆಯ ಕ್ಯಾಲೆಂಡರ್ ನೋಡಿದ. ತೊಮೆಯ ಮೂತ್ರಪಿಂಡಗಳು ಕೈಕೊಟ್ಟು ಆರು ವರ್ಷ. ಮಂಗಳ, ಗುರು, ಶನಿವಾರ ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಗುರುವಾರದ್ದು ಬೆಳಿಗ್ಗೆಯೇ ಮುಗಿಸಿ ಹಿಮಕ್ಕೆ ಮುಂಚೆ ಮನೆ ಸೇರಿದ್ದಳು. ಶನಿವಾರದ್ದು ತಪ್ಪಿದರೆ ಮುಂದಿನದು ಮಂಗಳವಾರ, ಅಲ್ಲಿಯವರೆಗೆ ನಿಮ್ಮ ಅಕ್ಕನ ಹೃದಯ ತಡೆಯುವುದಿಲ್ಲ ಎಂದು ವೈದ್ಯರು ಹೋದ ತಿಂಗಳೇ ಅವನನ್ನು ಕೂರಿಸಿಕೊಂಡು ಹೇಳಿದ್ದರು.

"ಕಾಲು ಊದ್ಕೊಂಡಿದ್ಯಾ ಅಕ್ಕ?"

"ಊದೋದು ನಾಳೆಗೆ. ಇವತ್ತು ನೀರು ಕುಡೀದೆ ಕೂತಿದೀನಿ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ನನ್ನ ಮಂಚ. ದಾರಿ ತೆಗಿಸ್ತೀಯೋ, ಇಲ್ಲ ನೀನು ಬಳಿಸಿದ ಗೆರೆ ಮೇಲೆ ನಡ್ಕೊಂಡು ಬರ್ಲೋ?"

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ತೆಗೆಸುತ್ತೇನೆ ಎಂದ. ಹೇಗೆಂದು ಅವಳು ಕೇಳಲಿಲ್ಲ. ತಮ್ಮ ಹಣಕಾಸಿನ ಮುಖ್ಯಸ್ಥ, ಅವನಿಗೆ ದುಡ್ಡು ಸಿಗದಿದ್ದರೆ ಇನ್ನಾರಿಗೆ ಸಿಗುತ್ತದೆ?

ಆಮೇಲೆ ಒರಿಕಸ ಮಾಡಿದ ಹುಡುಕಾಟದಂಥ ಹುಡುಕಾಟ ಚಿನ್ನದ ಗಣಿಯಲ್ಲೂ ಆದದ್ದಿಲ್ಲ. ಬಿಳಿ ಗೆರೆಯ ಬಾಬತ್ತು: ಬಣ್ಣವಾಗಿ ರಸ್ತೆಗೆ ಅಂಟಿ ಹಿಮದಡಿ ಮಲಗಿತ್ತು, ಅಂಟದೆ ಇದ್ದಿದ್ದರೂ ಹನ್ನೊಂದನೆಯ ನಿಯಮ ಬಿಡುತ್ತಿರಲಿಲ್ಲ. ಆಪತ್ತಿಗೆಂದು ತೆಗೆದಿಟ್ಟದ್ದನ್ನು ಶರತ್ಕಾಲದಲ್ಲಿ ಕರಡಿ ತಡೆಯುವ ಬೇಲಿ ನುಂಗಿತ್ತು. ರಸ್ತೆಯ ಅಧ್ಯಾಯದ ಸೇತುವೆ, ಚರಂಡಿ, ದೀಪ ಎಲ್ಲ ಸೊನ್ನೆ. ಯಾಕೆ ಸೊನ್ನೆಯೆಂದರೆ ಎರಡು ತಿಂಗಳಿಂದ ಮಹಡಿ ಮಹಡಿ ಹತ್ತಿ, ಖರ್ಚು ಮಾಡಿ, ಖರ್ಚು ಮಾಡಿ ಎಂದು ಬೆನ್ನು ಹತ್ತಿದವನು ಅವನೇ. ಅವನ ಕಾಟಕ್ಕೆ ಗ್ರಂಥಾಲಯದವರು ಯಾರಿಗೂ ಎಟುಕದ ಏಣಿ ಕೊಂಡಿದ್ದರು. ಶಿಶುವಿಹಾರದವರು ಮುಂದಿನ ಹನ್ನೆರಡು ವರ್ಷಕ್ಕಾಗುವ ಅಂಟು ತಂದಿಟ್ಟಿದ್ದರು. ಪುಟ ತಿರುವಿದಷ್ಟೂ ತನ್ನದೇ ಕೈಬರಹದ ಸೊನ್ನೆಗಳು, ದುಂಡಗೆ, ಬಾಯಿ ತೆರೆದುಕೊಂಡು. ಮೊದಲ ಸಲ ಅವು ಅವನಿಗೆ ಬಾವಿಗಳ ಹಾಗೆ ಕಂಡವು.

ಇನ್ನೊಂದು ದಾರಿಯಿತ್ತು. ಮೇಯರ್ ತಮ್ಮ ವಿಶೇಷ ಅಧಿಕಾರದಿಂದ ಸಭೆ ಕರೆಯದೆಯೇ ಠೇವಣಿಯ ದುಡ್ಡು ಬಿಡುಗಡೆ ಮಾಡಬಹುದು. ಆದರೆ ಮೇಯರ್ ಟೋಕಿಯೋದಿಂದ ಬರುವ ರೈಲಿನಲ್ಲಿದ್ದರು, ರೈಲು ಸುರಂಗದ ಬಾಯಲ್ಲಿ ಹಿಮಕ್ಕೆ ಸಿಕ್ಕಿ ನಿಂತಿತ್ತು, ಮೇಯರ್ ಮುದ್ರೆ ಮೇಯರ್ ಚೀಲದಲ್ಲಿತ್ತು. ಫೋನಿನಲ್ಲಿ ಅವರು, ಮುದ್ರೆ ಇಲ್ಲೇ ಒತ್ತಿಬಿಡಲೇ ಎಂದು ಕೇಳಿದರಂತೆ. ಯಾವುದರ ಮೇಲೆ ಒತ್ತುತ್ತೀರಿ ಎಂದು ಉಪಮೇಯರ್ ಕೇಳಿದರಂತೆ. ಪ್ರಾಂತ್ಯದ ಹೆಲಿಕಾಪ್ಟರ್ ಆ ಬಿರುಗಾಳಿಯಲ್ಲಿ ರೆಕ್ಕೆ ಬಿಚ್ಚುವಂತಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಒರಿಕಸ ನೂರ ಐವತ್ತೊಂಬತ್ತು ಬಾಬತ್ತು ನೋಡಿ ಮುಗಿಸಿದ್ದ. ಉಳಿದದ್ದು, ಅಭ್ಯಾಸಬಲದಿಂದ ಎರಡು ಹಾಳೆ ಒಟ್ಟಿಗೆ ಮಗುಚಿ ದಾಟಿದ್ದ ಆ ಒಂದು ಪುಟ. ಎದುರಿನ ಮೇಜಿನ ಗುಮಾಸ್ತೆ ಹೊಶಿನಾ ಒಂಬತ್ತು ವರ್ಷದಿಂದ ಆ ಮಗುಚುವಿಕೆ ನೋಡಿದ್ದಳು.

"ಸಾಹೇಬ್ರೆ," ಎಂದಳು ಮೆಲ್ಲಗೆ, "ಒಂದು ಪುಟ ಅಂಟ್ಕೊಂಡಿದೆ."

ಅದು ಹೆಚ್ಚುವರಿ ದುಡಿಮೆಯ ಭತ್ಯೆಯ ಪುಟ. ಹನ್ನೊಂದು ಲಕ್ಷದ ಅರವತ್ತು ಸಾವಿರ ಯೆನ್, ಹೋದ ಏಪ್ರಿಲಿನಲ್ಲಿ ಬರೆದದ್ದು ಬರೆದ ಹಾಗೇ ಇತ್ತು. ಪ್ರತಿ ವರ್ಷವೂ ಹಾಗೇ ಇರುತ್ತಿತ್ತು. ನಮ್ಮ ಪುರಸಭೆಯಲ್ಲಿ ಐದೂಕಾಲಕ್ಕೆ ಕೆಲಸ ಬಿಟ್ಟೆವೆಂದು ಬರೆದು ಎಂಟರವರೆಗೆ ಕೂರುವುದು ವಾಡಿಕೆ. ಹೆಚ್ಚು ದುಡಿದದ್ದಕ್ಕೆ ದುಡ್ಡು ಕೇಳುವುದೆಂದರೆ ನೆಂಟರ ಮನೆಯಲ್ಲಿ ಉಂಡು ಬಾಳೆಹಣ್ಣಿಗೂ ಕೈಚಾಚಿದ ಹಾಗೆ. ಈ ಕಟ್ಟಡ ಕಟ್ಟಿದ ಲಾಗಾಯ್ತಿನಿಂದ ಒಬ್ಬನೂ ಕೇಳಿರಲಿಲ್ಲ. ಸಂಬಳದ ಅಧ್ಯಾಯದ್ದಾದ್ದರಿಂದ ಅದನ್ನು ಬೇರೆ ಕಡೆ ದಾಟಿಸುವಂತೆಯೂ ಇರಲಿಲ್ಲ. ಒರಿಕಸನ ಸೊನ್ನೆಗಳ ನಡುವೆ ಅದೊಂದು ಮೂವತ್ತಾರು ವರ್ಷ ಮುಳ್ಳಾಗಿ ನಿಂತಿತ್ತು.

ಅವನು ಆ ಅಂಕೆಯನ್ನು ನೋಡಿದ, ಕಿಟಕಿ ನೋಡಿದ, ಮತ್ತೆ ಅಂಕೆ ನೋಡಿದ. ಆಮೇಲೆ ಉಪಮೇಯರ್ ಕೋಣೆಗೆ ಹೋಗಿ ಹತ್ತು ನಿಮಿಷ ಮಾತಾಡಿದ. ಹೊರಬಂದು, ಕಡತ ತೆಗೆಯುವ ಸ್ಟೂಲಿನ ಮೇಲೆ ಹತ್ತಿ ನಿಂತ. ಅವನು ಸ್ಟೂಲು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಕಚೇರಿಯ ಅರುವತ್ತೊಂದು ಜನ ಸಿಬ್ಬಂದಿ, ಹನ್ನೆರಡು ಜನ ಮುಖ್ಯಸ್ಥರು ತಲೆಯೆತ್ತಿದರು.

"ಈ ದುಡ್ಡನ್ನ ರಸ್ತೆಗೆ ಸರಿಸೋಕೆ ಆಗಲ್ಲ," ಎಂದ. "ಅದಕ್ಕೆ ನಾವೇ ರಸ್ತೆಗೆ ಸರಿಯೋಣ. ನಾಳೆ ಶನಿವಾರ, ರಜೆ. ಬೆಳಗ್ಗೆ ಐದಕ್ಕೆ ಮನೇಲಿರೋ ಸಲಿಕೆ ತಗೊಂಡು ಕಮಿಸಾವಾ ದಾರಿಗೆ ಬನ್ನಿ. ಹಿಮ ತಳ್ಳೋ ಕೈಗಾಡಿ ಇದ್ರೆ ಅದೂ ತನ್ನಿ. ಪ್ರತಿ ಗಂಟೆಗೂ ಹೆಚ್ಚುವರಿ ಭತ್ಯೆ ಬರ್ಕೊಳ್ಳಿ."

ಹಿಮ ಬಿದ್ದದ್ದಕ್ಕೆ ಜನ ಬೆಚ್ಚಿದ್ದು ನಿಜ. ಆದರೆ ಈ ಕೊನೆಯ ಮಾತಿಗೆ ಬೆಚ್ಚಿದ್ದರ ಮುಂದೆ ಅದು ಏನೂ ಅಲ್ಲ. ಟೈಪು ಮಾಡುತ್ತಿದ್ದ ಬೆರಳುಗಳು ಗಾಳಿಯಲ್ಲೇ ನಿಂತವು. ನೆಜುವಿನ ಕೈಯಲ್ಲಿದ್ದ ಚಹಾ ಬಟ್ಟಲು ಓರೆಯಾಗಿ, ಚಹಾ ಹೊರಗೆ ಬೀಳಲೋ ಬೇಡವೋ ಎಂದು ಯೋಚಿಸಿತು. ಜನನ ಮರಣ ವಿಭಾಗದ ಹಿರಿಯ ಗುಮಾಸ್ತರೊಬ್ಬರು ತಮ್ಮ ನಾಡಿ ತಾವೇ ಹಿಡಿದು ನೋಡಿಕೊಂಡರು. ಭತ್ಯೆ. ಬರ್ಕೊಳ್ಳಿ. ಒರಿಕಸನ ಬಾಯಿಂದ.

ಶನಿವಾರ ನಸುಕಿಗೆ ಹಿಮ ನಿಂತಿತು. ಐದು ಗಂಟೆಗೆ ದಾರಿಯ ಬುಡದಲ್ಲಿ ಎಪ್ಪತ್ತಮೂರಕ್ಕೆ ಎಪ್ಪತ್ತಮೂರು ಜನವೂ ಇದ್ದರು. ಗ್ರಂಥಾಲಯದವರು ಆ ಏಣಿ ತಂದಿದ್ದರು. ಹಿಮದ ಗೋಡೆ ಹತ್ತಲು ಕೊನೆಗೂ ಅದಕ್ಕೊಂದು ಕೆಲಸ ಸಿಕ್ಕಿತು. ಶಿಶುವಿಹಾರದ ಅಡುಗೆಯವಳು ಎರಡು ಎತ್ತುಗಳ ಶಕ್ತಿಯಿಂದ ತೋಡಿದಳು. ಅವಳು ಎಸೆದ ಹಿಮ ಪಕ್ಕದ ಪಟ್ಟಣದ ಮೇಲೆ ಬಿದ್ದು ಅವರು ದೂರು ಕೊಟ್ಟರು ಎನ್ನುತ್ತಾರೆ. ಮುಖ್ಯಸ್ಥರಿಗೆ ಭತ್ಯೆಯಿಲ್ಲ, ಆದರೂ ತೋಡಿದರು. ಒರಿಕಸನ ಕೈಯಲ್ಲಿ ಹೊಸ ಹತ್ತಿಯ ಕೈಗವಸಿತ್ತು. ಶುಕ್ರವಾರ ಸಂಜೆಯೇ, ರಸೀದಿ ಪಡೆದು, ಮುನ್ನೂರ ಹನ್ನೆರಡು ಯೆನ್‌ಗೆ ತಂದದ್ದು. ಹಿಮದ ಬಾಬತ್ತು ಕೊನೆಗೂ ಹಿಮಕ್ಕೇ ಖರ್ಚಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಅರ್ಧ ದಾರಿ ದಾಟಿ ಆ ತಿರುವಿಗೆ ಬಂದರು. ಅಲ್ಲಿ ಸಲಿಕೆಗಳು ತಾವಾಗಿ ನಿಂತವು. ಎಲ್ಲಿ ನೋಡಿದರೂ ಒಂದೇ ಬಿಳುಪು. ರಸ್ತೆ ಎಲ್ಲಿ ಮುಗಿಯುತ್ತದೆ, ಕೊರಕಲು ಎಲ್ಲಿ ಶುರುವಾಗುತ್ತದೆ, ಹೇಳಲು ದೇವರಿಗೂ ಆಗುತ್ತಿರಲಿಲ್ಲ. ಹಿಂದೆ ಜೀಪಿನಲ್ಲಿ ಬರುತ್ತಿದ್ದ ಯಾಗಿಹಾಶಿ ಇಳಿದು ಬಂದು, ಮುಂದೆ ಒಂದು ಹೆಜ್ಜೆಯೂ ಬೇಡ ಎಂದು ಕೈ ಅಡ್ಡ ಹಿಡಿದ. ಒರಿಕಸ ಮೊಣಕಾಲೂರಿ ಕೂತ. ಸಲಿಕೆ ಬಿಟ್ಟು, ಆ ಕೈಗವಸಿನ ಕೈಗಳಿಂದಲೇ ಹಿಮವನ್ನು ಕೆರೆಯುತ್ತ ಹೋದ. ಒಂದು ಗೇಣು, ಎರಡು ಗೇಣು, ಐದು ಗೇಣು. ತಳದಲ್ಲಿ ಕಪ್ಪು ಡಾಂಬರು ಕಂಡಿತು. ಅದರ ಮೇಲೆ, ಹತ್ತು ದಿನದ ಹೊಳಪಿನಲ್ಲಿ, ಬಿಳಿ ಗೆರೆ.

ನೆಜು ಬಗ್ಗಿ ನೋಡಿದವನು ಹಾಗೇ ಕೂತುಬಿಟ್ಟ. ಯಾಗಿಹಾಶಿ ಆ ಗೆರೆಯನ್ನು ಮುಟ್ಟಿ, ಬೆರಳು ನೋಡಿಕೊಂಡು, "ನಮ್ಮಣ್ಣನ ಕಾಲು ಹೋಗೋಕೆ ಮುಂಚೆ ಬಳಿಸ್ಬೇಕಿತ್ತು," ಎಂದ. ಅಲ್ಲಿಂದ ಮುಂದೆ ಆ ಗೆರೆಯನ್ನು ಹಿಡಿದುಕೊಂಡೇ ತೋಡಿದರು, ಕುರುಡರು ಹಗ್ಗ ಹಿಡಿದು ನಡೆದ ಹಾಗೆ.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಯಾಗಿಹಾಶಿಯ ಜೀಪು ಕಮಿಸಾವಾ ಮುಟ್ಟಿತು. ಇಳಿದು ಬರುವಾಗ ದಾರಿಯ ಎರಡೂ ಕಡೆ, ಎದೆಯೆತ್ತರದ ಹಿಮದ ಗೋಡೆಗೆ ಒರಗಿ, ಪುರಸಭೆಗೆ ಪುರಸಭೆಯೇ ಸಲಿಕೆ ಹಿಡಿದು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದ ತೊಮೆಯ ಮುಖ ಊದಿಕೊಂಡಿತ್ತು, ಕಣ್ಣು ಎರಡು ಗೆರೆಗಳಾಗಿದ್ದವು. ಅವಳು ಒಬ್ಬೊಬ್ಬರನ್ನೂ ನೋಡುತ್ತ ಬಂದಳು. ಇಷ್ಟು ಜನ ಯಾಕೆ ನಿಂತಿದ್ದಾರೆಂದು ಅರ್ಥವಾಗುತ್ತ ಬಂದ ಹಾಗೆ ಅವಳ ಬಾಯಿ ತೆರೆದುಕೊಂಡಿತು. ಎಪ್ಪತ್ತೊಂದು ವರ್ಷದಲ್ಲಿ ಅದು ಮಾತಿಲ್ಲದೆ ತೆರೆದದ್ದು ಅದೇ ಮೊದಲು. ತಮ್ಮನ ಮುಂದೆ ಜೀಪು ನಿಧಾನಿಸಿದಾಗ ಅವಳು ಗಾಜು ಇಳಿಸಿದಳು.

"ಗೆರೆ ಸ್ವಲ್ಪ ಸೊಟ್ಟ ಇದೆ ಕಣೋ," ಎಂದಳು. "ಹೋಗ್ಲಿ, ಬಿಡು."

ಒಂದು ಗಂಟೆಗೆ ಎರಡು ನಿಮಿಷ ಮುಂಚೆ ಅವಳು ತನ್ನ ಮಂಚದ ಮೇಲಿದ್ದಳು.

ಸೋಮವಾರ, ಮೂವತ್ತೊಂದು, ಒರಿಕಸನ ಕಡೆಯ ದಿನ. ಹೊಶಿನಾ ಅರುವತ್ತೊಂದು ಭತ್ಯೆ ಚೀಟಿಗಳನ್ನು ಅವನ ಮೇಜಿನ ಮೇಲಿಟ್ಟಳು. ಅವನು ಮೊದಲನೆಯದನ್ನು ನೋಡಿದ: ಗಂಟೆಗಳ ಜಾಗದಲ್ಲಿ ಸೊನ್ನೆ. ಎರಡನೆಯದು, ಸೊನ್ನೆ. ಅರುವತ್ತೊಂದರಲ್ಲೂ ಸೊನ್ನೆ. ಪಾಪ, ದುಂಡಗೆ ಬರೆಯಲೆಂದು ಎಲ್ಲರೂ ಶ್ರಮಪಟ್ಟಿದ್ದರು; ಕೆಲವರು ಬಟ್ಟಲು ಬೋರಲು ಹಾಕಿ ಸುತ್ತ ಗೆರೆ ಎಳೆದಿದ್ದರು. ಅದು ಅವರ ಬೀಳ್ಕೊಡುಗೆ. ನಿಮ್ಮ ಅಕ್ಕನಿಗೆ ಮಾಡಿದ್ದಕ್ಕೆ ದುಡ್ಡು ತಗೊಳ್ಳೋದು ಹೇಗೆ ಸಾಹೇಬ್ರೆ ಎಂದು ಯಾರೋ ಹಿಂದಿನಿಂದ ಗೊಣಗಿದರು.

ಒರಿಕಸನ ಮುಖ ಬಿಳಿಚಿಕೊಂಡಿತು. ಆಮೇಲೆ ಕೆಂಪಾಯಿತು. ಅವನಿಗೆ ಸಿಟ್ಟು ಬಂದದ್ದನ್ನು ಕಂಡವರು ಆ ಕಟ್ಟಡದಲ್ಲಿರಲಿಲ್ಲ. ಗೋಡೆಯ ಗಡಿಯಾರ ಕೂಡ ಎರಡು ಕ್ಷಣ ಕಾದು ನೋಡಿತು. ಚೀಟಿಗಳನ್ನು ಎತ್ತಿಕೊಂಡು ಮೇಜಿಂದ ಮೇಜಿಗೆ ಹೋಗಿ ಒಬ್ಬೊಬ್ಬರ ಮುಂದೆಯೂ ಅವರವರದನ್ನು ವಾಪಸು ಇಟ್ಟ.

"ಬರೀರಿ," ಎಂದ. "ಎಷ್ಟು ಗಂಟೆ ತೋಡಿದ್ರಿ, ಅಷ್ಟೂ. ಅಕ್ಕ ಒಬ್ಳೇ ಅಲ್ಲ, ಆ ದಾರಿ ಮೇಲೆ ಎಂಟು ಮನೆ ಇದೆ. ಉಳಿಸಿದ್ರೆ ಮುಂದಿನ ವರ್ಷ ಕತ್ತರಿಸ್ತಾರೆ."

ಅರುವತ್ತೊಂದು ಪೆನ್ನುಗಳು ಗಾಳಿಯಲ್ಲಿ ನಿಂತಿದ್ದವು. ಯಾವುದೂ ಕೆಳಗೆ ಇಳಿಯಲೊಲ್ಲದು. ಕೊನೆಗೆ ಹೊಶಿನಾ ತುಟಿ ಕಚ್ಚಿಕೊಂಡು, ಸೊನ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಏಳು ಗಂಟೆ ಎಂದು ಬರೆದಳು. ಬರೆದ ಕೈಯನ್ನು, ಕದ್ದವಳ ಹಾಗೆ, ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ಮತ್ತೆ ತಲೆಯೆತ್ತಿ ಕೇಳಿದಳು:

"ಸಾಹೇಬ್ರೆ, ನಡುವೆ ಅನ್ನದುಂಡೆ ತಿಂದ ಹದಿನೈದು ನಿಮಿಷ ಕಳೀಬೇಕಾ?"

ಒರಿಕಸ ಯೋಚಿಸಿದ.

"ಕಳೀರಿ," ಎಂದ. "ಆದ್ರೆ ಹದಿನೈದಲ್ಲ, ಹನ್ನೆರಡು. ನಾನು ಗಡಿಯಾರ ನೋಡಿದ್ದೆ."